ಬೀಜ ಗೊಬ್ಬರದ ಜೊತೆಗೇ ಬ್ಯಾಗು ಪುಸ್ತಕ

ಚಿತ್ರದುರ್ಗ ಸೀಮೆಯಲ್ಲಿ ಶಾಲೆ ಬಾಗಿಲು ತೆರೆಯುವುದೂ ಹೊಲಕ್ಕೆ ಕುಂಟೆ ಇಳಿಯುವುದೂ ಒಂದೇ ಹೊತ್ತಿಗೆ. ರೋಹಿಣಿ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಹಿರಿಯೂರಿನ ಪೇಟೆಯಲ್ಲಿ ಶೇಂಗಾ ಬೀಜದ ಚೀಲ ಹೊತ್ತ ಅಪ್ಪ ಒಂದು ಕಡೆ, ನೋಟ್‌ಬುಕ್ ಅಂಗಡಿಯ ಮುಂದೆ ಮಕ್ಕಳ ಕೈ ಹಿಡಿದ ಅವ್ವ ಇನ್ನೊಂದು ಕಡೆ ಕಾಣಿಸುತ್ತಾರೆ. ಇಬ್ಬರ ಕೈಯಲ್ಲಿರುವುದೂ ಒಂದೇ ಗಂಟಿನ ದುಡ್ಡು. ಬೆಳೆ ಕೈಗೆ ಬರುವುದು ದಸರಾ ದೀಪಾವಳಿಯ ಆಸುಪಾಸಿಗೆ. ಮನೆಯಲ್ಲಿ ಹಣ ತೀರ ಕಡಿಮೆ ಇರುವ ತಿಂಗಳಲ್ಲೇ ಮಕ್ಕಳ ಖರ್ಚು ತೀರ ಹೆಚ್ಚಾಗಿರುತ್ತದೆ.

ಈ ಎರಡು ಖರ್ಚುಗಳ ಡಿಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ, ಶಾಲೆಯ ಖರೀದಿಯನ್ನು ಹಗುರ ಮಾಡಲು ಇಲ್ಲಿನ ಜನ ಏನೇನು ಮಾಡಿದರು, ಸರ್ಕಾರ ಏನೇನು ಕೊಟ್ಟಿತು ಎಂಬುದು ಅರ್ಥವಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳದ್ದೂ ಒಂದೇ ಕಥೆಯಲ್ಲ. ಹೊಸದುರ್ಗದ ತೆಂಗಿನ ಬೆಳೆಗಾರನಿಗೆ ಅಟ್ಟದ ಮೇಲಿನ ಕೊಬ್ಬರಿಯೇ ಬ್ಯಾಂಕು. ಬೇಕಾದಾಗ ಒಂದೆರಡು ಚೀಲ ತಿಪಟೂರಿನ ಮಾರುಕಟ್ಟೆಗೆ ಕಳಿಸಿದರೆ ಜೂನ್ ತಿಂಗಳು ದಾಟುತ್ತದೆ. ಹೊಳಲ್ಕೆರೆಯ ಅಡಿಕೆಯವರು ಚೇಣಿ (ಫಸಲಿನ ಗುತ್ತಿಗೆ) ಮುಂಗಡ ತೆಗೆದುಕೊಳ್ಳಬಹುದು. ಹಿರಿಯೂರಿನ ಮಳೆಯಾಶ್ರಿತ ಹೊಲದವರಿಗೆ ಹಟ್ಟಿಯ ಕುರಿಮರಿಯೊಂದನ್ನು ಮಾರುವುದೇ ಉಳಿದ ದಾರಿ. ಎಷ್ಟೋ ಮನೆಗಳಲ್ಲಿ ಮರಿ ಮಾರಿದ ಹಣವೇ ಬೀಜವಾಗಿ, ಮಿಕ್ಕಿದ್ದು ಬ್ಯಾಗಾಗಿ ಬಂದಿದೆ.

ನಲವತ್ತು ಐವತ್ತು ವರ್ಷದ ಹಿಂದೆ ಸಣ್ಣ ತರಗತಿಗಳಿಗೆ ಖರೀದಿ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಒಂದು ಸ್ಲೇಟು, ಒಂದು ಡಬ್ಬಿ ಬಳಪ, ಒಂದು ಮಗ್ಗಿ ಪುಸ್ತಕ. ಕಲ್ಲಿನ ಸ್ಲೇಟು ಒಡೆಯುವವರೆಗೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ಹೋಗುತ್ತಿತ್ತು. ಚೀಲವೆಂದರೆ ಗೊಬ್ಬರದ ಖಾಲಿ ಚೀಲದಿಂದಲೋ ಹಳೆಯ ಪ್ಯಾಂಟಿನ ಬಟ್ಟೆಯಿಂದಲೋ ಹೊಲಿಸಿದ ಕೈಚೀಲ. ಖರ್ಚು ಕಾಣುತ್ತಿದ್ದುದು ಮಾಧ್ಯಮಿಕ ಶಾಲೆಗೆ ಬಂದ ಮೇಲೆ. ಆಗ ಊರಿಗೆ ಊರೇ ಪಾಲಿಸುತ್ತಿದ್ದ ಒಂದು ಅಲಿಖಿತ ದರಪಟ್ಟಿ ಇತ್ತು: ಪಾಸಾಗಿ ಮುಂದಿನ ತರಗತಿಗೆ ಹೋದವರ ಪಠ್ಯಪುಸ್ತಕ ಅರ್ಧ ಬೆಲೆಗೆ, ಮೂರನೆಯ ಕೈಗೆ ಬಂದಿದ್ದರೆ ಕಾಲು ಬೆಲೆಗೆ. ಪರೀಕ್ಷೆ ಮುಗಿಯುವ ಮೊದಲೇ ಯಾರ ಪುಸ್ತಕ ಯಾರಿಗೆ ಎಂದು ಮಾತಾಗಿರುತ್ತಿತ್ತು. ಪುಸ್ತಕ ಚೊಕ್ಕಟವಾಗಿ ಇಟ್ಟುಕೊಳ್ಳುವ ಹುಡುಗಿಯ ಮನೆಗೆ ಏಪ್ರಿಲ್‌ನಲ್ಲೇ ಜನ ಬರುತ್ತಿದ್ದರು. ಮಕ್ಕಳಿಗೆ ಪುಸ್ತಕವನ್ನು ಜೋಪಾನ ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

ಅದೂ ಎಟುಕದವರಿಗೆ ಮಠಗಳ ಆಸರೆ ಇತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮೀಜಿ ನಾಡಿನ ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ತೆರೆಸಿದರು. ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ಹಳ್ಳಿ ಹಳ್ಳಿಗೆ ಪ್ರೌಢಶಾಲೆ ಕೊಂಡೊಯ್ದರು. ಶಾಲೆ ಹತ್ತಿರ ಬರುವುದೇ ಖರ್ಚಿನ ದೊಡ್ಡ ಉಳಿತಾಯ ಎಂಬುದನ್ನು ಈಗ ನಾವು ಮರೆತಿದ್ದೇವೆ. ಪೇಟೆಯಲ್ಲಿ ರೂಮು ಮಾಡಿ ಮಗನನ್ನು ಓದಿಸುವುದಕ್ಕೂ ಮನೆಯ ಊಟ ಉಂಡು ನಡೆದು ಹೋಗುವುದಕ್ಕೂ ಇದ್ದ ಅಂತರ, ಹತ್ತು ನೋಟ್‌ಬುಕ್ಕಿನ ಬೆಲೆಗಿಂತ ಎಷ್ಟೋ ಪಟ್ಟು ದೊಡ್ಡದು.

ನೋಟ್‌ಬುಕ್ಕಿನ ಕಥೆ ಬೇರೆಯೇ. ಅದರ ಬೆಲೆ ಎಂದೂ ಕಾಗದದ ಬೆಲೆಯ ಬಾಲ ಹಿಡಿದು ಹೋಗುವಂಥದ್ದು. ಎಪ್ಪತ್ತರ ದಶಕದ ಆರಂಭದಲ್ಲಿ ದೇಶಕ್ಕೆ ಕಾಗದದ ಅಭಾವ ಬಂದಾಗ, ಕೇಂದ್ರ ಸರ್ಕಾರ ಕಾಗದದ ಗಿರಣಿಗಳಿಂದ ಬಿಳಿ ಮುದ್ರಣ ಕಾಗದದ ಒಂದು ಪಾಲನ್ನು ರಿಯಾಯಿತಿ ದರದಲ್ಲಿ ಪಡೆದು ಶಿಕ್ಷಣಕ್ಕೆ ಮೀಸಲಿಟ್ಟಿತು. 1975ರ ಜುಲೈ 1ರಂದು ಇಂದಿರಾ ಗಾಂಧಿ ಘೋಷಿಸಿದ 20 ಅಂಶಗಳ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆ ನಿಯಂತ್ರಿತ ಬೆಲೆಯ ಪುಸ್ತಕ ಮತ್ತು ಬರವಣಿಗೆ ಸಾಮಗ್ರಿಯೂ ಒಂದು ಅಂಶ. ತುರ್ತು ಪರಿಸ್ಥಿತಿಯ ಆ ದಿನಗಳ ಬಗ್ಗೆ ನೆನೆಯಬೇಕಾದ ಕಹಿ ಬೇಕಾದಷ್ಟಿದೆ. ಆದರೂ ಆ ಒಂದು ಅಂಶ ಬಡ ಮಕ್ಕಳ ಕೈಗೆ ಅಗ್ಗದ ನೋಟ್‌ಬುಕ್ ತಂದದ್ದು ನಿಜ. ಕರ್ನಾಟಕದಲ್ಲಿ ಆ ಕೆಲಸ ಬಂದದ್ದು 1966ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯ ಪಾಲಿಗೆ. ಅದರ ‘ಲೇಖಕ್’, ‘ವಿದ್ಯಾ’ ನೋಟ್‌ಬುಕ್‌ಗಳ ಹೆಸರು ಒಂದು ಇಡೀ ತಲೆಮಾರಿಗೆ ಬಾಯಿಪಾಠ. ಹೊಳಲ್ಕೆರೆಯಿಂದ ಚನ್ನಗಿರಿ ದಾಟಿದರೆ ಸಿಗುವ ಭದ್ರಾವತಿಯಲ್ಲೇ 1936ರ ಮೈಸೂರು ಕಾಗದ ಕಾರ್ಖಾನೆಯೂ ಇತ್ತು. ಆ ಗಿರಣಿಯ ಯಂತ್ರಗಳು ಸುಮಾರು ಹತ್ತು ವರ್ಷದಿಂದ ನಿಂತಿವೆ. ಅದು ಮತ್ತೆ ತಿರುಗಬೇಕೆಂಬ ಆಸೆ ಈ ಭಾಗದ ಯಾರಿಗೂ ಬತ್ತಿಲ್ಲ.

ಬೆಲೆ ಇಳಿಸುವುದು ಒಂದು, ಉಚಿತವಾಗಿ ಕೊಡುವುದು ಇನ್ನೊಂದು. ಪ್ರಾಥಮಿಕ ಹಂತದಲ್ಲಿ ಪಠ್ಯಪುಸ್ತಕ ಉಚಿತವಾಗಿರಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಆ ಮಾತು ನಮ್ಮ ಸರ್ಕಾರಿ ಶಾಲೆಯ ಕೊಠಡಿಗೆ ಪೂರ್ತಿಯಾಗಿ ಬರಲು ದಶಕಗಳೇ ಬೇಕಾದವು. ರಾಜ್ಯ ಸರ್ಕಾರದ ವಿದ್ಯಾವಿಕಾಸ ಯೋಜನೆಯಲ್ಲಿ ಪುಸ್ತಕವೂ ಸಮವಸ್ತ್ರವೂ ಹಂತಹಂತವಾಗಿ ಬಂದವು. ಅರ್ಧ ಬೆಲೆಯ ಪುಸ್ತಕದ ವ್ಯಾಪಾರ ಕನ್ನಡ ಮಾಧ್ಯಮದಲ್ಲಿ ತಾನಾಗಿಯೇ ಮುಗಿಯಿತು. ಸಮವಸ್ತ್ರದ ಬಟ್ಟೆ ನೇಯುವ ಕೆಲಸದಲ್ಲಿ 1975ರಲ್ಲಿ ಆರಂಭವಾದ ಕೈಮಗ್ಗ ಅಭಿವೃದ್ಧಿ ನಿಗಮಕ್ಕೂ ಪಾಲು ಸಿಕ್ಕಿದ್ದು ನನಗೆ ಬಹಳ ಮೆಚ್ಚಿಗೆಯ ಸಂಗತಿ. ಮಗುವಿನ ಅಂಗಿ ನೇಕಾರನ ಮನೆಯ ಒಲೆಯನ್ನೂ ಉರಿಸಿದರೆ ಆ ದುಡ್ಡಿಗೆ ಎರಡು ಬಾರಿ ಬೆಲೆ ಬಂದಂತೆ.

ಬಟ್ಟೆ ಬಂದರೂ ಹೊಲಿಗೆ ಹೆಚ್ಚಾಗಿ ಮನೆಯವರದೇ. ಮೇ ಕೊನೆಯಲ್ಲಿ ಚಿತ್ರದುರ್ಗದ ಲಕ್ಷ್ಮಿ ಬಜಾರಿನಿಂದ ಹಿಡಿದು ಹೋಬಳಿ ಕೇಂದ್ರದ ಒಂಟಿ ಮೆಷಿನ್ನಿನವರೆಗೆ ಟೈಲರ್‌ಗಳಿಗೆ ಪುರುಸೊತ್ತಿಲ್ಲ. ಅಲ್ಲಿ ಕೇಳಿಬರುವ ಬೇಡಿಕೆ ಅಂದಿಗೂ ಇಂದಿಗೂ ಒಂದೇ: “ಒಳಗೆ ಎರಡಿಂಚು ಮಡಚಿ ಹೊಲಿಯಣ್ಣ, ಬೆಳೆಯೋ ಹುಡುಗ, ಮುಂದಿನ ವರ್ಷಕ್ಕೂ ಬರಬೇಕು.” ಮರುವರ್ಷ ಬಿಚ್ಚಿ ಇಳಿಸಿದ ಲಂಗದ ಅಂಚಿನಲ್ಲಿ ಒಂದು ಗೆರೆ ಬೇರೆ ಬಣ್ಣದಲ್ಲಿ ಉಳಿಯುತ್ತದೆ. ಅದರ ಬಗ್ಗೆ ಯಾವ ಮಗುವೂ ನಾಚಬೇಕಿಲ್ಲ.

ಬರಿಗಾಲಿನ ಶಾಲೆ ಕೊನೆಗೊಂಡದ್ದು ತೀರ ಈಚೆಗೆ. 2015ರಲ್ಲಿ ಸರ್ಕಾರಿ ಶಾಲೆಯ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂತು. ಖರೀದಿಯ ಹೊಣೆ ಶಾಲಾಭಿವೃದ್ಧಿ ಸಮಿತಿಗೆ. ಆಮೇಲಿನ ವರ್ಷಗಳಲ್ಲಿ ಮಗುವೊಂದಕ್ಕೆ ಇಷ್ಟು ಎಂದು ದರ ಗೊತ್ತುಮಾಡಿದ್ದರು: ಐದನೆಯ ತರಗತಿಯವರೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು–ಹತ್ತಕ್ಕೆ 325. ಈ ಹಣಕ್ಕೆ ವರ್ಷವಿಡೀ ಬಾಳುವ ಶೂ ತರಲು ಮುಖ್ಯೋಪಾಧ್ಯಾಯರೂ ಸಮಿತಿಯವರೂ ಪೇಟೆಯಲ್ಲಿ ಚೌಕಾಸಿ ಮಾಡಬೇಕು. ಹೊಲಿಗೆ ಗಟ್ಟಿಯಿದೆಯೇ, ಅಟ್ಟೆ ಬೇಗ ಕಿತ್ತುಬರುತ್ತದೆಯೇ ಎಂದು ನೋಡುವ ಕಣ್ಣು ತಾಯಂದಿರಿಗೇ ಹೆಚ್ಚು. ಸಮಿತಿಯಲ್ಲಿರುವ ತಾಯಂದಿರು ಅಂಗಡಿಗೆ ತಾವೇ ಹೋಗುವ ಊರುಗಳಲ್ಲಿ ಮಕ್ಕಳ ಕಾಲಿಗೆ ಒಳ್ಳೆಯ ಜೋಡು ಬರುತ್ತದೆ ಎಂದು ನಾನು ನಂಬುತ್ತೇನೆ.

2006–07ರಲ್ಲಿ ಆರಂಭವಾದ ಎಂಟನೆಯ ತರಗತಿಯವರ ಉಚಿತ ಸೈಕಲ್ಲು ಕೊರೊನಾದ ನಂತರ ನಿಂತುಹೋಯಿತು. ಅದು ದೊಡ್ಡ ನಷ್ಟ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆ ಬೇರೆ ದಿಕ್ಕಿನಿಂದ ಒಂದಷ್ಟು ಭಾರ ಇಳಿಸಿದೆ. ಅವ್ವನೂ ಮಗಳೂ ಟಿಕೆಟ್ ದುಡ್ಡಿಲ್ಲದೆ ತಾಲ್ಲೂಕು ಪೇಟೆಗೆ ಬಂದು, ನಾಲ್ಕು ಅಂಗಡಿ ಸುತ್ತಿ ದರ ಕೇಳಿ, ಬೇಡವೆನಿಸಿದರೆ ಬರಿಗೈಯಲ್ಲಿ ವಾಪಸ್ ಹೋಗಬಹುದು. ಬಸ್ ಚಾರ್ಜು ಕೊಟ್ಟು ಬಂದವರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ; ಬಂದದ್ದಕ್ಕೆ ಕೊಂಡೇ ಹೋಗಬೇಕೆಂಬ ಒತ್ತಾಯ. ನಮ್ಮ ಜಿಲ್ಲೆಯ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್‌ಗಳೇ ಹೆಚ್ಚು; ಅಲ್ಲಿನ ಹೆಂಗಸರಿಗೆ ಈ ಲಾಭ ಎಟುಕಿಲ್ಲ. ಸರ್ಕಾರಿ ಬಸ್ಸು ಹಳ್ಳಿಗೆ ಬರಬೇಕೆಂಬ ಬೇಡಿಕೆಯಲ್ಲಿ ಮಕ್ಕಳ ಪುಸ್ತಕದ ಖರ್ಚೂ ಸೇರಿದೆ ಎಂದು ಅಧಿಕಾರಿಗಳು ತಿಳಿಯಬೇಕು.

ಹೀಗೆ ಪುಸ್ತಕ, ಬಟ್ಟೆ, ಶೂ ಒಂದೊಂದಾಗಿ ಮನೆಯ ಲೆಕ್ಕದಿಂದ ಇಳಿದರೂ ನೋಟ್‌ಬುಕ್ ಮಾತ್ರ ಬಹುಕಾಲ ಪೋಷಕರ ತಲೆಯ ಮೇಲೇ ಉಳಿಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರದ ಜೊತೆಗೆ ಬರವಣಿಗೆ ಸಾಮಗ್ರಿಯೂ ಮಗುವಿನ ಹಕ್ಕೆಂದು ಬರೆದಿದೆ. ದಾನಿಗಳು, ಹಳೆಯ ವಿದ್ಯಾರ್ಥಿಗಳು ಜೂನ್‌ನಲ್ಲಿ ಹಂಚುವ ನೋಟ್‌ಬುಕ್ಕು ಬರೆದದ್ದಕ್ಕೂ ಕೈಗೆ ಸಿಕ್ಕಿದ್ದಕ್ಕೂ ನಡುವಿನ ಖಾಲಿಯನ್ನು ತುಂಬುತ್ತ ಬಂದಿದೆ. ಅವರಿಗೆ ಒಂದು ವಿನಂತಿ: ಹಂಚುವ ಮೊದಲು ಶಿಕ್ಷಕರನ್ನು ಕೇಳಿ. ನಾಲ್ಕು ಗೆರೆಯ ಕಾಪಿ ಬೇಕಾದ ಮಗುವಿನ ಕೈಗೆ ಇನ್ನೂರು ಪುಟದ ಉದ್ದ ನೋಟ್‌ಬುಕ್ ಕೊಟ್ಟರೆ ಅದು ಮನೆಯ ಹಾಲಿನ ಲೆಕ್ಕಕ್ಕೆ ಹೋಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ಮೆಂಡರ್, ಕ್ರೆಯಾನ್ ಮೇಲಿದ್ದ ಶೇ 12ರ ಜಿಎಸ್‌ಟಿಯೂ ರಬ್ಬರಿನ ಮೇಲಿದ್ದ ಶೇ 5ರ ತೆರಿಗೆಯೂ ಪೂರ್ತಿ ಹೋದವು. ಜಾಮಿಟ್ರಿ ಬಾಕ್ಸಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಅಂಗಡಿಯಲ್ಲಿ ಹಳೆಯ ಎಂಆರ್‌ಪಿ ಮುದ್ರಿತವಾದ ಸರಕು ಕಂಡರೆ ತೆರಿಗೆ ಇಳಿದ ಲೆಕ್ಕ ಕೇಳಲು ಸಂಕೋಚ ಬೇಡ.

ನಾಲ್ಕು ಪಟ್ಟಣಗಳಲ್ಲೂ ನಿಜವಾದ ಭಾರ ಈಗ ಬಿದ್ದಿರುವುದು ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿದ ಸಣ್ಣ ಆದಾಯದ ಮನೆಗಳ ಮೇಲೆ. ಪುಸ್ತಕ, ನೋಟ್‌ಬುಕ್, ಬೈಂಡ್ ಶೀಟು, ಟೈ, ಬೆಲ್ಟು ಎಲ್ಲವೂ ಒಂದೇ ಗಂಟಾಗಿ ಶಾಲೆಯಲ್ಲೇ ಸಿಗುತ್ತದೆ; ಬಿಡಿಸಿ ಕೊಳ್ಳುವ ಹಾಗಿಲ್ಲ. ಶಾಲೆಯೊಳಗೆ ಪುಸ್ತಕ, ಸಮವಸ್ತ್ರದ ವ್ಯಾಪಾರ ಬೇಡವೆಂದು ಸಿಬಿಎಸ್‌ಇ 2017ರಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿದ್ದುಂಟು. ಒಬ್ಬ ತಂದೆ ಹೋಗಿ ಕೇಳಿದರೆ ಕಷ್ಟ. ಹತ್ತು ಪೋಷಕರು ಮಾರ್ಚ್‌ನ ಸಭೆಯಲ್ಲಿ ಒಟ್ಟಾಗಿ, ಪುಸ್ತಕದ ಪಟ್ಟಿಯನ್ನು ಪರೀಕ್ಷೆ ಮುಗಿಯುವ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ ಎಂದು ಕೇಳಿದರೆ ಆಡಳಿತ ಮಂಡಳಿಯವರು ತಳ್ಳಿಹಾಕುವುದು ಸುಲಭವಲ್ಲ. ಪಟ್ಟಿ ಏಪ್ರಿಲ್‌ನಲ್ಲಿ ಸಿಕ್ಕರೆ ಹಳೆಯ ಅರ್ಧ ಬೆಲೆಯ ಪದ್ಧತಿ ಇಂಗ್ಲಿಷ್ ಮಾಧ್ಯಮದಲ್ಲೂ ಜೀವ ಪಡೆಯುತ್ತದೆ.

ಬ್ಯಾಗಿನ ತೂಕದ ವಿಷಯವೂ ಇಲ್ಲೇ ಸೇರುತ್ತದೆ. 1989ರಲ್ಲಿ ರಾಜ್ಯಸಭೆಯಲ್ಲಿ ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ಮಕ್ಕಳ ಬೆನ್ನ ಮೇಲಿನ ಹೊರೆಯ ಬಗ್ಗೆ ಮಾತಾಡಿದರು. ಮುಂದೆ ಅದೇ ಹೊರೆಯ ಬಗ್ಗೆ ಯಶ್‌ಪಾಲ್ ಸಮಿತಿ 1993ರಲ್ಲಿ ವರದಿ ಕೊಟ್ಟಿತು. 2019ರ ಮೇ ತಿಂಗಳಲ್ಲಿ ನಮ್ಮ ಶಿಕ್ಷಣ ಇಲಾಖೆ ತೂಕವನ್ನೇ ಗೊತ್ತುಮಾಡಿತು: ಒಂದು–ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಒಂಬತ್ತು–ಹತ್ತಕ್ಕೆ ನಾಲ್ಕರಿಂದ ಐದು ಕಿಲೋ. ಈಚೆಗೆ ಸರ್ಕಾರಿ ಪಠ್ಯಪುಸ್ತಕಗಳನ್ನೂ ಎರಡು ಭಾಗ ಮಾಡಿ ಮುದ್ರಿಸುತ್ತಿದ್ದಾರೆ.

ಬೆನ್ನಿನ ಹೊರೆಗೆಂದು ಹೊರಟ ಈ ಸುಧಾರಣೆಯಲ್ಲಿ ನಮ್ಮ ಸೀಮೆಯ ಜೇಬಿಗೂ ಒಂದು ದಾರಿ ಇದೆ. ಪಠ್ಯ ಎರಡು ಭಾಗವಾದರೆ ನೋಟ್‌ಬುಕ್ಕೂ ಎರಡು ಕಂತಿನಲ್ಲಿ ಬರಬಹುದು. ಜೂನ್‌ನಲ್ಲಿ ನೂರು ಪುಟದವು ಸಾಕು, ಬ್ಯಾಗೂ ಹಗುರ. ಇನ್ನುಳಿದದ್ದು ದಸರಾ ರಜೆ ಮುಗಿದ ಮೇಲೆ, ಶೇಂಗಾ ಕಿತ್ತು, ಅಡಿಕೆ ಕೊಯ್ದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ. ಜೂನ್‌ನಲ್ಲಿ ಇಡೀ ವರ್ಷದ ನೋಟ್‌ಬುಕ್ ತಂದೇ ತೀರಬೇಕೆಂಬ ಹಟವನ್ನು ಶಿಕ್ಷಕರು ಬಿಟ್ಟರೆ ಎಷ್ಟೋ ಮನೆಗಳು ಆ ತಿಂಗಳ ಬಡ್ಡಿ ಸಾಲದಿಂದ ಪಾರಾಗುತ್ತವೆ.

ಮಕ್ಕಳಿಗೂ ಪೇಟೆಯ ದಿನ ಎರಡು ಸಲ ಸಿಕ್ಕಂತಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಕಳೆದ ವರ್ಷದ ನೋಟ್‌ಬುಕ್‌ಗಳನ್ನು ನಡುಮನೆಯಲ್ಲಿ ಹರವಿ ಕೂತರೆ ಅರ್ಧ ಖರೀದಿ ಮನೆಯಲ್ಲೇ ಮುಗಿಯುತ್ತದೆ. ಬರೆಯದೆ ಉಳಿದ ಹಾಳೆ ಕಿತ್ತು, ದಬ್ಬಣದಲ್ಲಿ ಹೊಲಿದರೆ ಎರಡು ರಫ್ ಬುಕ್ ಆಗುತ್ತವೆ. ಕೈವಾರದ ಮೊನೆ ಮುರಿದಿದೆಯೇ, ಬ್ಯಾಗಿನ ಜಿಪ್ ಮಾತ್ರ ಹೋಗಿದೆಯೇ ಎಂದು ಮಗುವೇ ನೋಡಲಿ. ಜಿಪ್ ಹಾಕಿಸಲು ಹೊಸ ಬ್ಯಾಗಿನ ದುಡ್ಡು ಬೇಕಿಲ್ಲ. ಬೇಕಾದುದರ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸಬೇಕು. ಅಂಗಡಿಯಲ್ಲಿ ಅವಶ್ಯಕವಾದದ್ದನ್ನು ದೊಡ್ಡವರು ಕೊಂಡು, ಒಂದು ಸಣ್ಣ ಮೊತ್ತವನ್ನು ಮಗುವಿನ ಅಂಗೈಗೆ ಹಾಕಬೇಕು. ಆ ದುಡ್ಡಿಗೆ ಲೇಬಲ್ಲೋ ಪೆನ್ಸಿಲ್ಲೋ ಬಣ್ಣದ ರಬ್ಬರೋ, ಆಯ್ಕೆ ಅದರದೇ. ಚಿಲ್ಲರೆ ಎಣಿಸಿ ತಂದುಕೊಡುವುದೂ ಅದರದೇ ಕೆಲಸ. ಮೂರನೆಯ ತರಗತಿಯ ಮಗು ಅಲ್ಲಿ ಮಾಡುವ ಕಳೆಯುವ ಲೆಕ್ಕಕ್ಕೆ ಯಾವ ಮೇಷ್ಟರೂ ಬೇಕಾಗುವುದಿಲ್ಲ.

ಎಂಟರಿಂದ ಹತ್ತನೆಯ ತರಗತಿಯಲ್ಲಿ ಹೆಣ್ಣುಮಕ್ಕಳಿರುವ ರೈತ ಮನೆಯವರು ಒಂದನ್ನು ವಿಚಾರಿಸಲೇಬೇಕು: 2021ರಲ್ಲಿ ಬಂದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನವನ್ನು ಮುಂದೆ ಅವರಿಗೂ ವಿಸ್ತರಿಸಿ ವರ್ಷಕ್ಕೆ 2,000 ರೂಪಾಯಿ ಗೊತ್ತುಮಾಡಿದ್ದರು. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಬೇಸಿಗೆ ರಜೆಯಲ್ಲೇ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿಕೊಂಡರೆ, ಮತ್ತು ಯೋಜನೆ ಈಗಲೂ ನಡೆಯುತ್ತಿದ್ದರೆ, ಎರಡನೆಯ ಕಂತಿನ ಪೇಟೆಗೆ ಅದೇ ಹಣ ಒದಗೀತು.