ಕಮಾ ಪಟ್ಟಿಯಿಂದ ಒಂದೇ ಹೆಸರು ತೆಗೆಯೋದು ಹೇಗೆ?

[ಪರದೆ: ಕಾಫಿ,ಬೀಜದಶುಂಠಿ,ಮೆಣಸು,ಶುಂಠಿ]

ಬಾಳ್ಳುಪೇಟೆಯಲ್ಲಿ ಒಂದು ಮಂಡಿ ಇದೆ ಅಂದ್ಕೊಳ್ಳಿ. ಒಬ್ಬೊಬ್ಬ ರೈತರು ತರೋ ಮಾಲೆಲ್ಲ ಡೇಟಾಬೇಸ್‌ನ ಒಂದೇ ಕಾಲಂನಲ್ಲಿ, ಕಮಾ ಹಾಕಿ ಬರೆದಿದ್ದಾರೆ. ಪರದೆಯಲ್ಲಿರೋ ಪಟ್ಟಿ ಒಬ್ಬ ರೈತರದು; ಅವರು ಈ ಸಲ ಶುಂಠಿ ಮಾರ್ತಿಲ್ಲ. ಅದೊಂದನ್ನೇ ತೆಗೀಬೇಕು.

'ಶುಂಠಿ' ಅಂತ ಇರೋದನ್ನೆಲ್ಲ ಅಳಿಸು ಅಂತ ನೇರವಾಗಿ ರಿಪ್ಲೇಸ್ ಕೊಟ್ರೆ?

[ಪರದೆ: ಕಾಫಿ,ಬೀಜದ,ಮೆಣಸು,]

ಬೀಜದಶುಂಠಿಗೂ ಕತ್ತರಿ ಬಿತ್ತು! ಕೊನೇಲಿ ಒಂದು ಕಮಾ ಬೇರೆ ಉಳೀತು.

ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ ಮಾಡಿ. ಮೊದಲು ಕಾನ್‌ಕ್ಯಾಟ್ ಬಳಸಿ ಪಟ್ಟಿಯ ಹಿಂದೆ, ಮುಂದೆ ಒಂದೊಂದು ಕಮಾ ಸೇರಿಸಿ. ಈಗ ಮೊದಲ ಹೆಸರಿಗೂ ಕೊನೇ ಹೆಸರಿಗೂ ಎರಡೂ ಕಡೆ ಕಮಾ ಬಂತು. ಆಮೇಲೆ 'ಕಮಾ ಶುಂಠಿ ಕಮಾ' ಇರೋ ಕಡೆ ಒಂದೇ ಕಮಾ ಬರೋ ಹಾಗೆ ರಿಪ್ಲೇಸ್ ಮಾಡಿ. ಕೊನೆಗೆ ಟ್ರಿಮ್‌ನಿಂದ ಎರಡೂ ತುದಿಯ ಕಮಾ ತೆಗೆದುಬಿಡಿ. ವೇರ್ ಷರತ್ತಿನಲ್ಲಿ ಈ ರೈತರ ಗುರುತಿನ ಜೊತೆ ಫೈಂಡ್ ಇನ್ ಸೆಟ್ ಹಾಕಿದ್ರೆ, ಅವರ ಸಾಲು ಮಾತ್ರ, ಅದೂ ಶುಂಠಿ ಇದ್ರೆ ಮಾತ್ರ ಬದಲಾಗುತ್ತೆ.

[ಪರದೆ: ಕಾಫಿ,ಬೀಜದಶುಂಠಿ,ಮೆಣಸು]

ಎಚ್ಚರ: ಕಮಾ ಆದ್ಮೇಲೆ ಸ್ಪೇಸ್ ಇದ್ರೆ ಇದು ಹಿಡಿಯಲ್ಲ, ಮೊದಲು ಸ್ಪೇಸ್ ತೆಗೀರಿ. ಅಪ್‌ಡೇಟ್‌ಗೆ ಮುಂಚೆ ಸೆಲೆಕ್ಟ್‌ನಲ್ಲಿ ಫಲಿತಾಂಶ ನೋಡ್ಕೊಳ್ಳಿ.

ಪೋಸ್ಟ್‌ಗ್ರೆಸ್ ಬಳಸ್ತೀರಾ? ಸ್ಟ್ರಿಂಗ್ ಟು ಅರೇ, ಅರೇ ರಿಮೂವ್, ಅರೇ ಟು ಸ್ಟ್ರಿಂಗ್. ಇಷ್ಟೇ.

ಈ ತಾಪತ್ರಯವೇ ಬೇಡ ಅಂದ್ರೆ, 1970ರಲ್ಲಿ ರಿಲೇಷನಲ್ ಮಾದರಿ ಮುಂದಿಟ್ಟ ಎಡ್ಗರ್ ಕಾಡ್ ಅವರ ದಾರಿ ಹಿಡೀರಿ: ಒಂದು ಕೋಶಕ್ಕೆ ಒಂದೇ ಮೌಲ್ಯ. ರೈತರದೊಂದು ಟೇಬಲ್, ಯಾರು ಏನು ತರ್ತಾರೆ ಅನ್ನೋದಕ್ಕೆ ಇನ್ನೊಂದು. ಆಗ ಶುಂಠಿ ತೆಗೆಯೋಕೆ ಒಂದು ಸಾಲು ಡಿಲೀಟ್ ಮಾಡಿದ್ರೆ ಸಾಕು.