ಲೇಸರ್ ದೀಪಕ್ಕೂ ತಂಪು ಬೇಕು

ಹಿಂದೆ ಹಳ್ಳಿಗಳಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರಿನಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಜ್ವಾಲೆ ಉರಿಯುತ್ತಿತ್ತು. ಕಡ್ಡಿಯ ತುದಿಯ ಉಷ್ಣತೆ 3,500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಓಡುವ ರೀಲು ಕ್ಷಣ ನಿಂತರೆ ತೆರೆಯ ಮೇಲೆ ನಾಯಕನ ಮುಖಕ್ಕೇ ತೂತು ಬೀಳುತ್ತಿತ್ತು! ಈಗಿನ ಲೇಸರ್ ಪ್ರೊಜೆಕ್ಟರಿನಲ್ಲಿ ಕಡ್ಡಿಯೂ ಇಲ್ಲ, ಜ್ವಾಲೆಯೂ ಇಲ್ಲ. ಬಿಸಿಯ ಕಾಟ ಮಾತ್ರ ತಪ್ಪಿಲ್ಲ.

ಲೇಸರ್ ಡಯೋಡಿನ ಹರಳು ಸಾಸಿವೆ ಕಾಳಿನಷ್ಟು ಪುಟ್ಟದು. ಕೊಟ್ಟ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿ ಬೆಳಕಾಗದೆ ಶಾಖವಾಗುತ್ತದೆ. ಅದನ್ನು ಹೊರಗೆಳೆಯದಿದ್ದರೆ ಬೆಳಕು ಮಂಕಾಗುತ್ತದೆ, ಡಯೋಡಿನ ಆಯುಷ್ಯ ಕುಗ್ಗುತ್ತದೆ. ಅದಕ್ಕೇ ಲೋಹದ ತಟ್ಟೆ, ಫ್ಯಾನು. ದೊಡ್ಡ ಯಂತ್ರಗಳಲ್ಲಿ ದ್ರವ ಹರಿಯುವ ಕೊಳವೆ.

ಇನ್ನೊಂದು ಉಪಾಯ ಬಲು ಸೊಗಸು. ಅನೇಕ ಯಂತ್ರಗಳಲ್ಲಿ ನೀಲಿ ಲೇಸರ್ ಕಿರಣ ಫಾಸ್ಫರ್ ಬಳಿದ ಚಕ್ರದ ಮೇಲೆ ಬಿದ್ದು ಹಳದಿ ಬೆಳಕಾಗುತ್ತದೆ. ಚಕ್ರ ನಿಂತರೆ ಆ ಬಿಂದು ಸುಟ್ಟೇ ಹೋದೀತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದರಿಂದ ಬಿಸಿ ಹಂಚಿಹೋಗುತ್ತದೆ. ರೊಟ್ಟಿ ಒಂದೆಡೆ ಸೀಯದಂತೆ ಹೆಂಚಿನ ಮೇಲೆ ಸುತ್ತಿಸುವ ತಾಯಂದಿರಿಗೆ ಈ ಯುಕ್ತಿ ಹೊಸದಲ್ಲ.

ಆದರೆ ಫ್ಯಾನು ಎಳೆಯುವುದು ಕೋಣೆಯ ಗಾಳಿಯನ್ನೇ. ಎಷ್ಟೋ ಪ್ರೊಜೆಕ್ಟರುಗಳನ್ನು 40 ಡಿಗ್ರಿಯವರೆಗಿನ ಗಾಳಿಗೆಂದು ರೂಪಿಸಲಾಗಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ಆ ಗಡಿ ಮುಟ್ಟುತ್ತದೆ! ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಬೇರೆ. ಜಾಲರಿಗೆ ಧೂಳು ಕಟ್ಟಿದರೆ ಯಂತ್ರ ತನ್ನ ಬೆಳಕನ್ನು ತಾನೇ ತಗ್ಗಿಸುತ್ತದೆ, ಇಲ್ಲವೇ ಆರಿಹೋಗುತ್ತದೆ. ಶಾಲೆಯಲ್ಲಿ ‘ಕೆಟ್ಟಿದೆ’ ಎಂದು ಅದನ್ನು ಮೂಲೆಗಿಡುವ ಮೊದಲು ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಜಾಲರಿಯನ್ನು ಕೊಡವಿ ನೋಡಬೇಕು. ಗೋಡೆಗೆ ಒತ್ತಿ ಇಟ್ಟಿದ್ದರೆ ಎರಡು ಗೇಣು ಈಚೆಗೆ ಸರಿಸಿದರೂ ಸಾಕಾದೀತು.