ರೂಟರ್‌ನಿಂದ ದೂರವಾಣಿ ತಂತಿಯವರೆಗೆ: ಹಳೆಯ ವ್ಯಾನ್ ಜಾಲಗಳ ಭೌತಿಕ ಜೋಡಣೆ

ದೂರದ ಊರುಗಳನ್ನು ಜೋಡಿಸುವ ವಿಶಾಲ ಪ್ರದೇಶ ಜಾಲವನ್ನು, ಅಂದರೆ ವ್ಯಾನನ್ನು, ನಕ್ಷೆಗಳಲ್ಲಿ ಮೋಡದ ಆಕಾರದಿಂದ ಸೂಚಿಸುವುದು ರೂಢಿ. ರೂಟರ್‌ನಿಂದ ಹೊರಟ ಗೆರೆ ಆ ಮೋಡವನ್ನು ಮುಟ್ಟಿ ನಿಲ್ಲುತ್ತದೆ. ಮುಟ್ಟುವ ಜಾಗದಲ್ಲಿ ನಿಜವಾಗಿ ಏನಿದೆ ಎಂಬುದು ತಿಳಿಯದಿದ್ದರೆ ವಿದ್ಯಾರ್ಥಿಯ ಪಾಲಿಗೆ ಜಾಲವು ಒಂದು ಮಾಯೆಯಾಗಿಯೇ ಉಳಿಯುತ್ತದೆ. ಕನ್ನಡ ಮಾಧ್ಯಮದ ಮಗು ಇದೇ ಸಂಗತಿಯನ್ನು ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೂ ಕಚೇರಿಯಲ್ಲಿ ತೆಲುಗಿನಲ್ಲೂ ಎದುರಿಸಬೇಕಾಗುತ್ತದೆ. ಅರ್ಥವು ಮೊದಲು ತನ್ನ ನುಡಿಯಲ್ಲಿ ನೆಲೆಗೊಂಡಿದ್ದರೆ ಪದಗಳು ಅದನ್ನು ಹೆದರಿಸಲಾರವು.

ಹಿನ್ನೆಲೆ

ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ರಾಜ್ಯವ್ಯಾಪಿ ಜಾಲ ಯೋಜನೆಯನ್ನು, ಅಂದರೆ ‘ಸ್ವಾನ್’ ಯೋಜನೆಯನ್ನು, ಮಂಜೂರು ಮಾಡಿತು. ರಾಜಧಾನಿ, ಜಿಲ್ಲಾ ಕೇಂದ್ರ, ಬ್ಲಾಕ್ ಕೇಂದ್ರ ಎಂಬ ಮೂರು ಹಂತಗಳನ್ನು ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗದಲ್ಲಿ ಜೋಡಿಸುವುದು ಅದರ ಉದ್ದೇಶ. ಆಂಧ್ರಪ್ರದೇಶದಲ್ಲಿ ಬ್ಲಾಕ್‌ನ ಸ್ಥಾನದಲ್ಲಿ ಮಂಡಲವಿದೆ. ಆದ್ದರಿಂದ ಈ ವಿನ್ಯಾಸದಲ್ಲಿ ಕರ್ನೂಲು ಎರಡನೆಯ ಹಂತಕ್ಕೂ, ಆದೋನಿ, ಆಲೂರು, ಕೌತಾಳಂನಂತಹ ಮಂಡಲ ಕೇಂದ್ರಗಳು ಮೂರನೆಯ ಹಂತಕ್ಕೂ ಸೇರುತ್ತವೆ. ಈ ಹಂತಗಳ ನಡುವೆ ಬಹುಕಾಲ ದುಡಿದದ್ದು ದೂರವಾಣಿ ಮೂಲಸೌಕರ್ಯದ ಮೇಲೆ ನಿಂತ ಗುತ್ತಿಗೆ ಮಾರ್ಗ, ಅಂದರೆ ಲೀಸ್ಡ್ ಲೈನ್.

ಜೋಡಣೆಯ ಮೂರು ತುಂಡುಗಳು

ರೂಟರ್‌ಗೆ ಎರಡು ಮುಖಗಳು. ಒಳಮುಖದಲ್ಲಿ ಕಚೇರಿಯ ಗಣಕಗಳಿಂದ ಬಂದ ಎಂಟು ಎಳೆಗಳ ಈಥರ್ನೆಟ್ ಕೇಬಲ್ ಕೂರುತ್ತದೆ. ಹೊರಮುಖದಲ್ಲಿ ಸೀರಿಯಲ್ ಪೋರ್ಟ್ ಇರುತ್ತದೆ. ಇಲ್ಲಿಂದ ಹೊರಟ ದಪ್ಪ ಕೇಬಲ್ ಪಕ್ಕದಲ್ಲೇ ಇರುವ ಮೋಡೆಮ್‌ನಲ್ಲಿ 34 ಪಿನ್‌ಗಳ ಆಯತಾಕಾರದ ಕನೆಕ್ಟರ್‌ನಿಂದ ಕೊನೆಗೊಳ್ಳುತ್ತದೆ. ಇದು ವಿ.35 ಎಂಬ ಮಾನಕ. ಇದು ಮೊದಲ ತುಂಡು. ಮೋಡೆಮ್‌ನಿಂದ ಎಕ್ಸ್‌ಚೇಂಜ್‌ವರೆಗಿನ ಎರಡು ಅಥವಾ ನಾಲ್ಕು ತಾಮ್ರದ ತಂತಿಗಳು ಎರಡನೆಯ ತುಂಡು. ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಸಾಗುವ ದೂರದ ಮಾರ್ಗ ಮೂರನೆಯದು.

ಆದೋನಿಯ ಮಾರುಕಟ್ಟೆಗೆ ಬಂದ ಹತ್ತಿ ಬಿಡಿಯಾಗಿ ರೈಲು ಏರುವುದಿಲ್ಲ. ಬೀಜ ಬೇರ್ಪಟ್ಟು, ಒತ್ತಲ್ಪಟ್ಟು, ಅಂಡಿಗೆಯಾದ ಮೇಲೆಯೇ ದೂರಕ್ಕೆ ಸಾಗುತ್ತದೆ. ಹಾಗೆಯೇ ರೂಟರ್ ಮಾಹಿತಿಯನ್ನು ‘ಫ್ರೇಮ್’ ಎಂಬ ಅಂಡಿಗೆಯಾಗಿ ಕಟ್ಟುತ್ತದೆ. ಅದನ್ನು ತಂತಿಗೆ ಒಗ್ಗುವ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಕಳುಹಿಸುವುದು ಮೋಡೆಮ್‌ನ ಕೆಲಸ.

ಮಾತಿನ ಅಳತೆ

ಹಳೆಯ ವ್ಯಾನ್‌ನ ವೇಗಗಳೆಲ್ಲ ಮನುಷ್ಯನ ಮಾತಿನಿಂದ ಬಂದವು. ದೂರವಾಣಿಯು ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಗುಣಿಸಿದರೆ 64,000 ಬಿಟ್‌ಗಳು. ಇದೇ 64 ಕಿಲೋಬಿಟ್ ಮಾರ್ಗ. ಇಂತಹ 32 ಮಾರ್ಗಗಳನ್ನು ಒಟ್ಟುಗೂಡಿಸಿದರೆ 2,048 ಕಿಲೋಬಿಟ್‌ನ ‘ಇ1’ ಮಾರ್ಗವಾಗುತ್ತದೆ. ಇದನ್ನು 32 ಡಬ್ಬಿಗಳ ಗೂಡ್ಸ್ ರೈಲು ಎಂದು ಭಾವಿಸಬಹುದು. ಅದು ಸೆಕೆಂಡಿಗೆ 8000 ಬಾರಿ ಹೊರಡುತ್ತದೆ; ಡಬ್ಬಿ ಖಾಲಿಯಿದ್ದರೂ ನಿಲ್ಲುವುದಿಲ್ಲ.

ಕಾಲ ನೀಡುವವರು ಯಾರು?

ತಡೆಯಿಲ್ಲದೆ ಹರಿಯುವ ಬಿಟ್‌ಗಳಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದನ್ನು ತಿಳಿಯಲು ಎರಡೂ ತುದಿಗಳಿಗೆ ಒಂದೇ ಗಡಿಯಾರ ಬೇಕು. ವಿ.35 ಕೇಬಲ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಎಳೆಗಳಿವೆ. ಗಡಿಯಾರವನ್ನು ನೀಡುವ ಮೋಡೆಮ್‌ಗೆ ಡಿ.ಸಿ.ಇ. ಎಂದೂ ಅದನ್ನು ಅನುಸರಿಸುವ ರೂಟರ್‌ಗೆ ಡಿ.ಟಿ.ಇ. ಎಂದೂ ಹೆಸರು. ಪ್ರಯೋಗಾಲಯದಲ್ಲಿ ಮೋಡೆಮ್ ಇಲ್ಲದೆ ಎರಡು ರೂಟರ್‌ಗಳನ್ನು ನೇರವಾಗಿ ಜೋಡಿಸಿದಾಗ ಅವುಗಳಲ್ಲಿ ಒಂದು ಗಡಿಯಾರದ ಹೊಣೆ ಹೊರಲೇಬೇಕು. ಇದನ್ನು ಮರೆತರೆ ಕೇಬಲ್ ಸರಿಯಿದ್ದರೂ ಸಂಪರ್ಕ ಏರ್ಪಡದು.

ತರಗತಿಯ ಚಟುವಟಿಕೆ

ಒಬ್ಬ ವಿದ್ಯಾರ್ಥಿ ಚಪ್ಪಾಳೆ ತಟ್ಟಲಿ. ಪ್ರತಿ ಚಪ್ಪಾಳೆಗೆ ಎರಡನೆಯವನು 1ಕ್ಕೆ ಕೈ ಎತ್ತಲಿ, 0ಗೆ ಇಳಿಸಲಿ, ಮೂರನೆಯವನು ಬರೆದುಕೊಳ್ಳಲಿ. ಬಳಿಕ ಚಪ್ಪಾಳೆಯನ್ನು ನಿಲ್ಲಿಸಿ 1, 1, 1, 0 ಎಂದು ಕಳುಹಿಸಲು ಹೇಳಬೇಕು. ಎತ್ತಿದ ಕೈ ಎತ್ತಿದಂತೆಯೇ ಇರುವುದರಿಂದ ಎಷ್ಟು ಒಂದುಗಳು ಬಂದವು ಎಂದು ಬರೆಯುವವನು ಹೇಳಲಾರ. ಗಡಿಯಾರದ ಅಗತ್ಯವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ.

ದೋಷ ಎಲ್ಲಿದೆ?

ಪ್ರಮಾಣಪತ್ರಕ್ಕಾಗಿ ಬಂದವರು ‘ನೆಟ್ ಇಲ್ಲ’ ಎಂಬ ಉತ್ತರ ಪಡೆದು ಹಿಂತಿರುಗುವುದು ಮಕ್ಕಳಿಗೆ ಹೊಸತಲ್ಲ. ಆ ಉತ್ತರದ ಹಿಂದೆ ಮೂರು ತುಂಡುಗಳಿವೆ ಎಂಬುದನ್ನು ಅವರು ಅರಿಯಬೇಕು. ಮೋಡೆಮ್‌ನಲ್ಲಿ ‘ಲೂಪ್’ ಪರೀಕ್ಷೆ ನಡೆಸಿದಾಗ ರೂಟರ್ ಕಳುಹಿಸಿದ್ದು ಅದಕ್ಕೇ ಮರಳಿ ಬಂದರೆ ಮೊದಲ ತುಂಡು ಸರಿಯಿದೆ. ದೋಷವನ್ನು ಮುಂದಿನ ತುಂಡುಗಳಲ್ಲಿ ಹುಡುಕಬೇಕು.

ಇಂದು ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದಿದೆ. ಸೀರಿಯಲ್ ಕೇಬಲ್ ಅಪರೂಪವಾಗಿದೆ. ಆದರೂ ಎಳೆಯ ತುದಿಯಲ್ಲಿ ಬೆಳಕನ್ನು ವಿದ್ಯುತ್ತಾಗಿಸುವ ಪೆಟ್ಟಿಗೆಯೊಂದು ಇದ್ದೇ ಇದೆ. ಕಚೇರಿಯ ಜಾಲ, ಹೊರಗಿನ ಮಾರ್ಗ, ಇವೆರಡರ ನಡುವಿನ ಪೆಟ್ಟಿಗೆ ಎಂಬ ಕ್ರಮ ಬದಲಾಗಿಲ್ಲ. ಈ ಕ್ರಮವನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ ಮೋಡದೊಳಗೆ ಏನಿದೆ ಎಂಬ ಪ್ರಶ್ನೆ ಉಳಿಯುವುದಿಲ್ಲ.